ಕೃಷ್ಣನಿಗೆ ನೀಲಿ ಬಣ್ಣ ಹಚ್ಚಿಸಿದ ಕಾರ್ಕಳದ ಹುಡುಗ: ಅಮರ ಚಿತ್ರಕಥೆಯ ಅನಂತ ಪೈ

ಹೊಸದುರ್ಗ: ಕೃಷ್ಣ ಎಂದ ಕೂಡಲೇ ಕಣ್ಣೆದುರು ಬರುವ ರೂಪ ಒಂದಿದೆ. ತಿಳಿನೀಲಿ ಮೈ, ಹಳದಿ ಪೀತಾಂಬರ, ಮುಡಿಯಲ್ಲಿ ನವಿಲುಗರಿ, ತುಂಟ ಕಣ್ಣು. ನಲವತ್ತು, ಐವತ್ತು ದಾಟಿದ ಎಷ್ಟೋ ಜನರ ತಲೆಯಲ್ಲಿ ಈ ರೂಪ ಕೂತಿರುವುದು ದೇವಸ್ಥಾನದ ಮೂರ್ತಿ ನೋಡಿ ಅಲ್ಲ, ಹರಿಕಥೆ ಕೇಳಿಯೂ ಅಲ್ಲ. ಶಾಲೆ ಲೈಬ್ರರಿಯ ಬೀರುವಿನಲ್ಲೋ, ಬಸ್ ಸ್ಟ್ಯಾಂಡ್ ಪುಸ್ತಕದಂಗಡಿಯಲ್ಲೋ, ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ನೆಂಟರ ಮಕ್ಕಳ ಬ್ಯಾಗಿನಲ್ಲೋ ಸಿಕ್ಕ 32 ಪುಟದ ಒಂದು ತೆಳು ಪುಸ್ತಕದಿಂದ. ಅದೇ ಅಮರ ಚಿತ್ರಕಥೆ.

ಅದನ್ನು ಕಟ್ಟಿದವರು ಅನಂತ ಪೈ. ಮಕ್ಕಳ ಬಾಯಲ್ಲಿ ಅಂಕಲ್ ಪೈ. ಮುಂಬಯಿಯವರು ಎಂದೇ ಬಹಳ ಜನ ತಿಳಿದಿದ್ದಾರೆ, ಆದರೆ ಹುಟ್ಟಿದ್ದು ಕಾರ್ಕಳದಲ್ಲಿ. ಇನ್ನೊಂದು ಸಂಗತಿ ಅದಕ್ಕಿಂತ ಕಡಿಮೆ ಜನಕ್ಕೆ ಗೊತ್ತು: ಅಮರ ಚಿತ್ರಕಥೆ ಎಂಬ ಹೆಸರಿನಲ್ಲಿ ಮೊದಲು ಬಂದ ಪುಸ್ತಕಗಳು ಇಂಗ್ಲಿಷಿನವಲ್ಲ, ಹಿಂದಿಯವಲ್ಲ. ಕನ್ನಡದವು.

ತಂದೆ ತಾಯಿ ಇಲ್ಲದ ಬಾಲ್ಯ

1929ರ ಸೆಪ್ಟೆಂಬರ್ 17ರಂದು ಅನಂತ ಪೈ ಹುಟ್ಟಿದರು. ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ತಾಯಿ ಇಬ್ಬರೂ ಇಲ್ಲ. ಬಂಧುಗಳ ಆಸರೆಯಲ್ಲೇ ಬೆಳೆದ ಹುಡುಗ ಹನ್ನೆರಡನೇ ವಯಸ್ಸಿಗೆ ಘಟ್ಟ ಕರಾವಳಿ ಎಲ್ಲ ಬಿಟ್ಟು ಬೊಂಬಾಯಿ ಸೇರಿದ. ಮಾಹಿಮ್‌ನ ಓರಿಯೆಂಟ್ ಸ್ಕೂಲಿನಲ್ಲಿ ಓದು. ಆಮೇಲೆ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ರಸಾಯನ ತಂತ್ರಜ್ಞಾನ. ಆ ಕಾಲಕ್ಕೆ ಅದು ಒಳ್ಳೆ ಕೆಲಸ ಕೊಡುವ ಓದು. ಬಣ್ಣದ ಕಾರ್ಖಾನೆಯೋ ಔಷಧದ ಕಂಪನಿಯೋ ಸೇರಿಕೊಂಡಿದ್ದರೆ ಜೀವನ ಸುಸೂತ್ರವಾಗಿ ನಡೆದುಹೋಗುತ್ತಿತ್ತು.

ಪೈ ಅವರಿಗೆ ಹಿಡಿದದ್ದು ಬೇರೆ ಹುಚ್ಚು. 1954ರಲ್ಲಿ ಮಾನವ್ ಎಂಬ ಮಕ್ಕಳ ಪತ್ರಿಕೆ ಶುರುಮಾಡಿದರು. ಅದು ನಿಲ್ಲಲಿಲ್ಲ. ಮಕ್ಕಳಿಗೋಸ್ಕರ ಪತ್ರಿಕೆ ಮಾಡಿ ಕೈ ಸುಟ್ಟುಕೊಂಡವರು ನಮ್ಮ ದೇಶದಲ್ಲಿ ಎಷ್ಟು ಜನವೋ, ಆ ಸಾಲಿಗೆ ಇವರೂ ಸೇರಿದರು. ಆದರೆ ಆ ಸೋಲಿನ ನಂತರವೂ ಅಚ್ಚಿನ ಮನೆಯ ವಾಸನೆ ಬಿಡಲಾಗದೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗಕ್ಕೆ ಸೇರಿದರು.

ಕಸುಬು ಕಲಿತದ್ದು ಅಲ್ಲಿ. 1964ರ ಮಾರ್ಚ್‌ನಲ್ಲಿ ಆ ಸಂಸ್ಥೆ ಇಂದ್ರಜಾಲ ಕಾಮಿಕ್ಸ್ ತಂದಿತು. ಕಾಡಿನಲ್ಲಿ ತಲೆಬುರುಡೆ ಗುಹೆಯಲ್ಲಿರುವ, ನಡೆದಾಡುವ ಭೂತ ಎಂದು ಹೆಸರಾದ ಫ್ಯಾಂಟಮ್ ಭಾರತದ ಭಾಷೆಗಳನ್ನು ಮಾತಾಡಲು ಶುರುಮಾಡಿದ್ದು ಆಗ. ಅಮೆರಿಕದ ಪತ್ರಿಕೆಗಳಲ್ಲಿ ದಿನಕ್ಕೊಂದು ಪಟ್ಟಿಯಂತೆ ಬಂದಿದ್ದ ಚಿತ್ರಗಳನ್ನು ಪುಸ್ತಕದ ಪುಟಕ್ಕೆ ಹೊಂದಿಸಬೇಕು. ಉದ್ದದ ಪಟ್ಟಿಯನ್ನು ಕತ್ತರಿಸಿ, ಒಂದರ ಕೆಳಗೊಂದು ಕೂರಿಸಿ, ಮಾತು ಬದಲಿಸಿ, ಮಗುವಿನ ಕಣ್ಣು ಎಲ್ಲೂ ದಾರಿ ತಪ್ಪದ ಹಾಗೆ ನೋಡಿಕೊಳ್ಳಬೇಕು. ಹೆಸರುಗಳಲ್ಲೂ ಜಾಗ್ರತೆ ಬೇಕಿತ್ತು. ಫ್ಯಾಂಟಮ್ ಕಥೆಯ ಕಾಡಿಗೆ ಮೂಲದಲ್ಲಿ ಬಂಗಾಳವನ್ನು ನೆನಪಿಸುವ ಹೆಸರಿತ್ತು, ಕಡಲುಗಳ್ಳರಿಗೆ ಸಿಂಗ್ ಎಂಬ ಹೆಸರಿತ್ತು. ಇಲ್ಲಿ ಕಾಡು ಡೆಂಕಾಲಿ ಆಯಿತು, ಕಳ್ಳರು ಸಿಂಗಾ ಆದರು. ಮಕ್ಕಳ ಪುಸ್ತಕದಲ್ಲಿ ಚಿಕ್ಕ ಅಕ್ಷರವೂ ಯಾರನ್ನೋ ಚುಚ್ಚಬಹುದು ಎಂಬ ಪಾಠ ಅದು. ಮುಂದೆ ಪೈ ಅವರಿಗೆ ಅದು ಮತ್ತೆ ಎದುರಾಗುವುದಿತ್ತು.

ದಿಲ್ಲಿಯ ಟಿವಿ ಮುಂದೆ

1967ರ ಫೆಬ್ರವರಿ. ಪೈ ದಿಲ್ಲಿಯಲ್ಲಿದ್ದರು. ಆಗ ಟಿವಿ ಇದ್ದದ್ದೇ ದಿಲ್ಲಿಯಲ್ಲಿ. ಒಂದು ಪುಸ್ತಕದಂಗಡಿಯಲ್ಲಿ ಇಟ್ಟಿದ್ದ ಪೆಟ್ಟಿಗೆಯಲ್ಲಿ ಮಕ್ಕಳ ಕ್ವಿಜ್ ಬರುತ್ತಿತ್ತು. ಗ್ರೀಕರ ದೇವರುಗಳ ಬಗ್ಗೆ ಕೇಳಿದ್ದಕ್ಕೆ ಪಟಪಟನೆ ಉತ್ತರ ಕೊಟ್ಟ ಮಕ್ಕಳು ರಾಮನ ತಾಯಿ ಯಾರು ಎಂದು ಕೇಳಿದಾಗ ತಡವರಿಸಿದರು. ಕೌಸಲ್ಯೆಯ ಹೆಸರು ಯಾರ ಬಾಯಿಂದಲೂ ಬರಲಿಲ್ಲ.

ಈ ಪ್ರಸಂಗವನ್ನು ಪೈ ಜೀವನಪೂರ್ತಿ ಹೇಳುತ್ತಾ ಬಂದರು. ನೂರಾರು ಸಂದರ್ಶನಗಳಲ್ಲಿ ಬಂದು ಬಂದು ಅದೇ ಅಮರ ಚಿತ್ರಕಥೆಯ ಹುಟ್ಟಿನ ಪುರಾಣವಾಗಿಬಿಟ್ಟಿದೆ. ಪ್ರಸಂಗ ನಿಜವೇ. ಆದರೆ ಕಥೆಯ ಅರ್ಧ ಭಾಗ ಮಾತ್ರ ಅದು. ಇನ್ನರ್ಧ ಬೆಂಗಳೂರಿನಲ್ಲಿದೆ.

ಮೊದಲ ಹತ್ತು ಕನ್ನಡದ್ದು

ಇಂಡಿಯಾ ಬುಕ್ ಹೌಸ್ ಎಂಬ ಮುಂಬಯಿಯ ಪುಸ್ತಕ ಸಂಸ್ಥೆಗೆ ಬೆಂಗಳೂರಿನಲ್ಲೂ ಶಾಖೆ ಇತ್ತು. ಅಲ್ಲಿದ್ದವರು ಜಿ.ಕೆ. ಅನಂತರಾಮ್. ಪುಸ್ತಕ ಮಾರುವವರಿಗೆ ಗಿರಾಕಿಯ ನಾಡಿ ಗೊತ್ತಿರುತ್ತದೆ. ಇಂಗ್ಲಿಷಿನ ಬಣ್ಣದ ಚಿತ್ರಕಥೆಗಳನ್ನು ಮಕ್ಕಳು ಎತ್ತಿಕೊಂಡು ನೋಡುವುದು, ಭಾಷೆ ಗೊತ್ತಿಲ್ಲದ್ದಕ್ಕೆ ಕೆಳಗಿಡುವುದು ಅಂಗಡಿಯವರ ಕಣ್ಣಿಗೇ ಮೊದಲು ಬೀಳೋದು. ಅನಂತರಾಮ್ ಅವರ ಪ್ರಕಾರ, ಇವನ್ನು ಕನ್ನಡದಲ್ಲೇ ತರೋಣ ಎಂಬ ಆಲೋಚನೆ 1965ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಜ್ಯಾಕ್ ಮತ್ತು ಹುರುಳಿ ಬಳ್ಳಿ, ಸಿಂಡ್ರೆಲಾ, ಅಲ್ಲಾದೀನ್ ಥರದ ಹೊರದೇಶದ ಹತ್ತು ಕಥೆಗಳು ಅಮರ ಚಿತ್ರಕಥೆ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದವು. ಮಾರಾಟವೂ ಚೆನ್ನಾಗಿಯೇ ಆಯಿತು. ಆ ಧೈರ್ಯದ ಮೇಲೆ ಮುಂಬಯಿಯ ಮಾಲೀಕರು, ಮೀರ್‌ಚಂದಾನಿಯವರು, ಇದನ್ನು ದೊಡ್ಡದಾಗಿ ಮಾಡಲು ಮುಂದಾದರು ಎನ್ನುವುದು ಅವರ ಮಾತು.

ಅತ್ತ ಪೈ ಭಾರತದ ಕಥೆಗಳ ಚಿತ್ರಕಥೆ ತರೋಣ ಎಂದು ಪ್ರಕಾಶಕರ ಬಾಗಿಲು ತಟ್ಟುತ್ತಿದ್ದರು. ಒಬ್ಬೊಬ್ಬರೂ ಆಗೋದಿಲ್ಲ ಎಂದರು. ಕೊನೆಗೆ ಒಪ್ಪಿದ್ದು ಇದೇ ಇಂಡಿಯಾ ಬುಕ್ ಹೌಸ್. ಬೆಂಗಳೂರಿನ ಅಂಗಡಿ ಅನುಭವ, ಕಾರ್ಕಳದ ಹುಡುಗನ ಹಟ, ಎರಡೂ ಒಂದೇ ಮನೆಯಲ್ಲಿ ಕೂಡಿಕೊಂಡವು. ಹಾಗಾಗಿಯೇ ಪೈ ಸಂಪಾದಿಸಿದ ಮೊದಲ ಭಾರತೀಯ ಕಥೆ, ಕೃಷ್ಣ, ಸರಣಿಯಲ್ಲಿ 11ನೇ ನಂಬರ್. ಒಂದರಿಂದ ಹತ್ತು ಏನಾಯಿತು ಎಂದು ಹುಡುಕಿ ಹುಡುಕಿ ಸುಸ್ತಾದ ಸಂಗ್ರಾಹಕರಿಗೆ ಉತ್ತರ ಇಷ್ಟೇ: ಅವು ಕನ್ನಡದಲ್ಲಿದ್ದವು.

ಕೃಷ್ಣ ತಯಾರಾದ ಬಗೆ

ಪೈ ಚಿತ್ರಕಾರರಲ್ಲ. ಕೃಷ್ಣನ ಚಿತ್ರ ಬರೆದವರು ರಾಮ್ ವೈರ್ಕರ್. ಹಾಗಾದರೆ ಪೈ ಮಾಡಿದ್ದೇನು? ಇಲ್ಲೇ ಮಕ್ಕಳ ಚಿತ್ರಪುಸ್ತಕದ ಗುಟ್ಟು ಇರೋದು. ಚಿತ್ರ ಬರೆಯುವುದಕ್ಕೆ ಮುಂಚೆ ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂದು ಯಾರೋ ತೀರ್ಮಾನಿಸಬೇಕು. ಆ ಯಾರೋ ಪೈ.

ಪುಸ್ತಕ 32 ಪುಟ. ಅಷ್ಟರಲ್ಲಿ ಕಥೆ ಮುಗಿಯಬೇಕು. ಪುಟಕ್ಕೆ ಐದಾರು ಚೌಕ ಎಂದರೂ ನೂರೈವತ್ತಕ್ಕಿಂತ ಹೆಚ್ಚು ಚಿತ್ರ. ಭಾಗವತದ ದಶಮ ಸ್ಕಂಧವನ್ನು ನೂರೈವತ್ತು ಚೌಕಕ್ಕೆ ಇಳಿಸುವುದೆಂದರೆ ದೊಡ್ಡ ಕಣಜದ ರಾಗಿಯನ್ನು ಒಂದು ಸೇರಿನಲ್ಲಿ ಅಳೆದ ಹಾಗೆ. ಯಾವ ರಾಕ್ಷಸ ಇರಬೇಕು, ಯಾರನ್ನು ಬಿಡಬಹುದು, ಪೂತನಿಯನ್ನು ಮಗು ಹೆದರದಂತೆ ಹೇಗೆ ತೋರಿಸಬೇಕು? ಒಂದೊಂದು ಚೌಕಕ್ಕೂ ಬರಹದಲ್ಲಿ ಟಿಪ್ಪಣಿ ಆಗಬೇಕು: ಯಾರು ಎಲ್ಲಿ ನಿಂತಿದ್ದಾರೆ, ಹೊತ್ತು ಯಾವುದು, ಮುಖದಲ್ಲಿ ಏನಿದೆ, ಯಾರು ಏನಂತಾರೆ.

ಆಮೇಲೆ ಚಿತ್ರಕಾರನ ಸರದಿ. ಮೊದಲು ಪೆನ್ಸಿಲ್. ಇಲ್ಲಿ ಕೆಲವು ನಿಯಮಗಳು ಓದುಗನ ಕಣ್ಣಿಗೆ ಕಾಣೋದೇ ಇಲ್ಲ, ಆದರೆ ತಪ್ಪಿದರೆ ಕಥೆ ಕೆಡುತ್ತದೆ. ನಾವು ಎಡದಿಂದ ಬಲಕ್ಕೆ ಓದುತ್ತೇವೆ, ಆದ್ದರಿಂದ ಮೊದಲು ಮಾತಾಡುವವನು ಚೌಕದ ಎಡಕ್ಕೇ ನಿಲ್ಲಬೇಕು. ಅವನ ಮಾತಿನ ಬಲೂನು ಮೇಲೆ ಇರಬೇಕು, ಉತ್ತರ ಕೊಡುವವನದ್ದು ಸ್ವಲ್ಪ ಕೆಳಗೆ, ಬಲಕ್ಕೆ. ಚಿತ್ರಕಾರ ಇದನ್ನು ಮರೆತು ಕಂಸನನ್ನು ಬಲಕ್ಕೆ, ದೇವಕಿಯನ್ನು ಎಡಕ್ಕೆ ಬರೆದುಬಿಟ್ಟರೆ ಉತ್ತರ ಮೊದಲು, ಪ್ರಶ್ನೆ ಆಮೇಲೆ. ಓಡುವ ಕುದುರೆ ಎಡದಿಂದ ಬಲಕ್ಕೆ ಓಡಿದರೆ ಕಥೆ ಮುಂದೆ ಹೋಗುತ್ತಿದೆ ಎನ್ನಿಸುತ್ತದೆ. ಬಲದಿಂದ ಎಡಕ್ಕೆ ಓಡಿಸಿದರೆ ಯಾರೋ ವಾಪಸ್ ಬರುತ್ತಿದ್ದಾರೆ, ಇಲ್ಲವೇ ಎದುರು ಬೀಳುತ್ತಿದ್ದಾರೆ ಎನ್ನಿಸುತ್ತದೆ. ಬಲಗಡೆ ಪುಟದ ಕೊನೆಯ ಚೌಕದಲ್ಲಿ ಏನೋ ಒಂದು ಕುತೂಹಲ ಬಾಕಿ ಇಡಬೇಕು, ಪುಟ ತಿರುವಿದರೆ ಮಾತ್ರ ಬಿಡುಗಡೆ.

ಹೀಗೆ ಚೌಕ ಚೌಕವಾಗಿ ಕಥೆ ಹೇಳುವುದು ಅಮೆರಿಕದಿಂದ ಬಂದ ವಿದ್ಯೆ ಎನ್ನುವವರಿಗೆ ಹೊಸದುರ್ಗದ ಹತ್ತಿರವೇ ಉತ್ತರ ಇದೆ. ಅಜ್ಜಂಪುರ ದಾಟಿ ತರೀಕೆರೆ ಕಡೆ ಹೋದರೆ ಅಮೃತಾಪುರ. 1196ರಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ. ಅಲ್ಲಿನ ಮಂಟಪದ ಹೊರಗೋಡೆ ಮೇಲೆ 140 ಫಲಕಗಳಿವೆ. ರಾಮಾಯಣಕ್ಕೆ 70, ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45. ಒಂದೊಂದು ಫಲಕ ಒಂದೊಂದು ಪ್ರಸಂಗ. ವಿಚಿತ್ರ ಎಂದರೆ ರಾಮಾಯಣವನ್ನು ಅಲ್ಲಿ ಅಪ್ರದಕ್ಷಿಣೆಯಾಗಿ, ಅಂದರೆ ಸಾಮಾನ್ಯ ಸುತ್ತಿಗೆ ಎದುರಾಗಿ ನಡೆಯುತ್ತಾ ನೋಡಬೇಕು. ಎಂಟುನೂರು ವರ್ಷದ ಹಿಂದಿನ ಶಿಲ್ಪಿಗೂ ಪೈ ಅವರಿಗೂ ಇದ್ದ ತಲೆನೋವು ಒಂದೇ: ಯಾವ ಕ್ಷಣವನ್ನು ಹಿಡಿಯಬೇಕು? ಬಾಣ ಬಿಡುವ ಮುಂಚೆಯೋ, ತಾಗಿದ ಮೇಲೋ?

ಪೆನ್ಸಿಲ್ ಒಪ್ಪಿಗೆಯಾದ ಮೇಲೆ ಶಾಯಿ. ಬ್ರಷ್ಷಿನ ಗೆರೆಗೆ ಜೀವ ಇರುತ್ತದೆ. ಒತ್ತಿದರೆ ದಪ್ಪ, ಎತ್ತಿದರೆ ಕೂದಲೆಳೆ. ಹತ್ತಿರದವರಿಗೆ ದಪ್ಪ ಗೆರೆ, ದೂರದ ಬೆಟ್ಟಕ್ಕೆ ಸಣ್ಣ ಗೆರೆ. ಬಣ್ಣವೇ ಇಲ್ಲದೆ ಆಳ ಕಾಣಿಸುವುದು ಹೀಗೆ. ವೈರ್ಕರ್ ಕೈಯಲ್ಲಿ ಈ ಗೆರೆ ಬಲವಾಗಿತ್ತು. ಅವರ ವೀರರ ತೋಳು ಎದೆ ನೋಡಿದರೆ ಟಾರ್ಜನ್, ಫ್ಯಾಂಟಮ್ ನೆನಪಾಗುತ್ತಾರೆ. ಮುಖ, ಆಭರಣ, ನಿಲುವು ನೋಡಿದರೆ ರವಿವರ್ಮನ ಕಾಲದಿಂದ ಬಂದ ಕ್ಯಾಲೆಂಡರ್ ಚಿತ್ರ. ಎರಡನ್ನೂ ಬೆಸೆದದ್ದೇ ಅಮರ ಚಿತ್ರಕಥೆಯ ಕೈಬರಹ ಎನ್ನಬಹುದು.

ಬಣ್ಣ ಆಮೇಲಿನ ಮಾತು. ಹಳದಿ, ಕೆಂಪು, ನೀಲಿ, ಅದರ ಮೇಲೆ ಕಪ್ಪು ಗೆರೆ. ಒಂದೊಂದಕ್ಕೂ ಒಂದೊಂದು ಪ್ಲೇಟು. ಹಳದಿ ಮೇಲೆ ನೀಲಿ ಬಿದ್ದರೆ ಹಸಿರು. ಪ್ಲೇಟು ಒಂದು ಕೂದಲಿನಷ್ಟು ಜರುಗಿದರೂ ರಾಣಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿದಿರುತ್ತದೆ. ಹಳೇ ಪುಸ್ತಕಗಳಲ್ಲಿ ಇಂಥದ್ದು ಎಷ್ಟೋ ಸಿಗುತ್ತವೆ. ಬೆಲೆ ಕಡಿಮೆ ಇಡಬೇಕು ಅಂದರೆ ಬಣ್ಣವನ್ನು ಸಪಾಟಾಗಿಯೇ ತುಂಬಬೇಕು. ಆದ್ದರಿಂದ ರಾತ್ರಿ ಎಂದರೆ ಇಡೀ ಚೌಕ ನೀಲಿ, ಕೋಪ ಎಂದರೆ ಹಿನ್ನೆಲೆ ಕೆಂಪು. ಬಡತನದಿಂದ ಬಂದ ಈ ಉಪಾಯಗಳೇ ಮಕ್ಕಳ ಕಣ್ಣಿಗೆ ಭಾಷೆಯಾದವು.

ಕೃಷ್ಣ ಎಂಬ ಪದಕ್ಕೆ ಅರ್ಥವೇ ಕಪ್ಪು. ಆದರೆ ಕಪ್ಪು ಗೆರೆಯ ಚಿತ್ರದಲ್ಲಿ ಕಪ್ಪು ಮೈ ತುಂಬಿದರೆ ಕಣ್ಣು ಮೂಗು ಕಾಣುವುದಿಲ್ಲ. ಕ್ಯಾಲೆಂಡರುಗಳು ಆಗಲೇ ನೀಲಿ ರೂಢಿ ಮಾಡಿದ್ದವು. ಪುಸ್ತಕವೂ ಅದೇ ದಾರಿ ಹಿಡಿಯಿತು. ಪವಾಡಗಳ ವಿಷಯದಲ್ಲಿ ಮಾತ್ರ ಪೈ ಹಿಂಜರಿದರು. ವಿಜ್ಞಾನ ಓದಿದ ಮನಸ್ಸು, ಹೊಸ ಕಾಲದ ಮಕ್ಕಳು ನಂಬುತ್ತಾರೋ ಇಲ್ಲವೋ ಎಂಬ ಅನುಮಾನ. ಮೊದಲ ಕೃಷ್ಣದಲ್ಲಿ ಆದಷ್ಟು ಪವಾಡವನ್ನು ಹಗುರ ಮಾಡಲು ನೋಡಿದರು. ಓದುಗರಿಗೆ ಬೇಕಾಗಿದ್ದದ್ದು ಬೆಟ್ಟ ಎತ್ತುವ ಕೃಷ್ಣನೇ ಎಂದು ಬರಬರುತ್ತಾ ಗೊತ್ತಾಯಿತು.

ಅದೇ ಕಾಲಕ್ಕೆ ಮದರಾಸಿನಿಂದ ಚಂದಮಾಮ ಬರುತ್ತಿತ್ತು. ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದ ವಿಕ್ರಮನನ್ನು ಶಂಕರ್ ಬರೆದದ್ದು ಅದರಲ್ಲೇ. ಅಲ್ಲಿ ಕಥೆ ಅಕ್ಷರದಲ್ಲಿತ್ತು, ಪುಟದ ಒಂದು ಬದಿಗೆ ಚಿತ್ರ. ಅಕ್ಷರ ಬಾರದ ಮಗುವಿಗೆ ಅಜ್ಜಿಯೋ ಅಕ್ಕನೋ ಓದಿ ಹೇಳಬೇಕು. ಅಮರ ಚಿತ್ರಕಥೆಯಲ್ಲಿ ಚಿತ್ರವೇ ಕಥೆ ನಡೆಸುತ್ತದೆ, ಮಾತು ಅದರ ಬೆನ್ನಿಗೆ. ಒಂದನೇ ಕ್ಲಾಸಿನ ಹುಡುಗ ಒಬ್ಬನೇ ಮೂಲೆಯಲ್ಲಿ ಕೂತು ಮುಗಿಸಬಹುದು. ಕಲೆಯ ನಯದಲ್ಲಿ ಚಂದಮಾಮದ ಕೈಯೇ ಮೇಲು ಎನ್ನುವವರು ಇವತ್ತೂ ಇದ್ದಾರೆ, ಅದರಲ್ಲಿ ಸುಳ್ಳೂ ಇಲ್ಲ.

ಮೂರು ವರ್ಷಕ್ಕೆ ಇಪ್ಪತ್ತು ಸಾವಿರ

ಇಷ್ಟೆಲ್ಲ ಮಾಡಿ ಅಂಗಡಿಗೆ ಬಿಟ್ಟರೆ ಪುಸ್ತಕ ಓಡಲಿಲ್ಲ. ಕೃಷ್ಣ ಮೊದಲ ಮೂರು ವರ್ಷದಲ್ಲಿ ಮಾರಾಟವಾದದ್ದು ಸುಮಾರು 20,000 ಪ್ರತಿ. ಇಡೀ ದೇಶಕ್ಕೆ! ಕಾಮಿಕ್ಸ್ ಓದಿದರೆ ಹುಡುಗರು ಹಾಳಾಗುತ್ತಾರೆ ಎಂಬುದು ಮೇಷ್ಟ್ರುಗಳ ಗಟ್ಟಿ ನಂಬಿಕೆ. ತಂದೆ ತಾಯಂದಿರದ್ದೂ ಅದೇ. ಅಂಗಡಿಯವರಿಗೆ ಹೊಸ ಮಾಲನ್ನು ಮುಂದೆ ಇಡಲು ಮನಸ್ಸಿಲ್ಲ.

ಪೈ ಸುಮ್ಮನೆ ಕೂರಲಿಲ್ಲ. ಬೊಂಬಾಯಿಯ ಶಾಲೆಗಳಿಗೆ ಖುದ್ದು ಹೋದರು, ಹೆಡ್‌ಮಾಸ್ಟರುಗಳ ಎದುರು ಪುಸ್ತಕ ಬಿಚ್ಚಿಟ್ಟರು. ಸಂಪಾದಕನೇ ಮಾರಾಟದ ಹುಡುಗನೂ ಆಗಿ ಓಡಾಡಿದ. ಪಾಠಪುಸ್ತಕಕ್ಕಿಂತ ಚಿತ್ರಕಥೆಯಲ್ಲಿ ಇತಿಹಾಸ ಹೇಳಿದರೆ ಮಕ್ಕಳಿಗೆ ಹೆಚ್ಚು ನೆನಪಿರುತ್ತದೆ ಎಂಬುದು ಅವರ ವಾದ. 1978ರಲ್ಲಿ ದಿಲ್ಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರ ಕುರಿತು ವಿಚಾರ ಸಂಕಿರಣವೇ ನಡೆಯಿತು. ಬಾಗಿಲು ತೆರೆಯಿತು. ಶಾಲೆ ಲೈಬ್ರರಿಗಳು ಕೊಳ್ಳಲು ಶುರುಮಾಡಿದ ಮೇಲೆ ಅಂಗಡಿಗಳು ದಾರಿಗೆ ಬಂದವು. ಕೊನೆಗೆ 440ಕ್ಕೂ ಹೆಚ್ಚು ಪುಸ್ತಕ, 20 ಭಾಷೆ, ಒಂಬತ್ತು ಕೋಟಿಗೂ ಮೀರಿ ಪ್ರತಿ. ಪುರಂದರದಾಸರು, ಬಸವೇಶ್ವರ, ಶ್ರೀಕೃಷ್ಣದೇವರಾಯ, ತೆನಾಲಿ ರಾಮ, ಎಲ್ಲರೂ ಬಂದರು.

ಎಲ್ಲ ಭಾಷೆಗೂ ಚಿತ್ರ ಒಂದೇ. ಬದಲಾಗೋದು ಬಲೂನಿನೊಳಗಿನ ಅಕ್ಷರ ಮಾತ್ರ. ಅನುವಾದ ಮಾಡುವವರಿಗೆ ಇದು ಕಬ್ಬಿಣದ ಕಡಲೆ. ಇಂಗ್ಲಿಷಿನ ನಾಲ್ಕು ಪದಕ್ಕೆ ಅಳೆದ ಬಲೂನಿನಲ್ಲಿ ಕನ್ನಡದ ಉದ್ದ ಪದ, ಒತ್ತಕ್ಷರ, ದೀರ್ಘ ಎಲ್ಲ ಕೂರಬೇಕು. ಎರಡು ಸಾಲಿನ ನಡುವೆ ಒತ್ತಿಗೂ ಜಾಗ ಬಿಡಬೇಕಲ್ಲ. ಆದ್ದರಿಂದ ಚಿತ್ರಕಥೆಯ ಕನ್ನಡದಲ್ಲಿ ವಾಕ್ಯ ಮೊಟಕು.

ಸೀರೆ ಯಾವ ಕಾಲದ್ದು?

ಪೈ ಕಟ್ಟಿದ ಗುಂಪಿನಲ್ಲಿ ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಥರದ ಬರಹಗಾರರಿದ್ದರು. ಚಿತ್ರಕ್ಕೆ ವೈರ್ಕರ್ ಜೊತೆ ಪ್ರತಾಪ್ ಮುಳಿಕ್, ದಿಲೀಪ್ ಕದಂ, ಸೌರೇನ್ ರಾಯ್. ಮೀರಾಬಾಯಿಯ ಭಕ್ತಿಯನ್ನು ಗೆರೆಯಲ್ಲಿ ಹಿಡಿದವರು ಯೂಸುಫ್ ಲೀನ್, ಇನ್ನೊಂದು ಹೆಸರು ಯೂಸುಫ್ ಬೆಂಗಳೂರ್‌ವಾಲಾ. ಮಹಾಭಾರತ 1980ರ ದಶಕದಲ್ಲಿ 42 ಪುಸ್ತಕವಾಗಿ ಬಂತು, ಅದರ ಚಿತ್ರಕಾರ ದಿಲೀಪ್ ಕದಂ.

ಬೌದ್ಧರ ಕಾಲದ ಕಥೆ ಎಂದರೆ ಸಾಂಚಿ, ಅಜಂತಾ ನೋಡಿ ಬರೆಯಬೇಕು. ಮನೆಯ ಕಂಬ, ಹೆಂಗಸರ ಜಡೆ, ರಥದ ಚಕ್ರ, ಎಲ್ಲಕ್ಕೂ ಆಧಾರ ಹುಡುಕಬೇಕು. ಮೊಗಲರ ಕಾಲದ ಅಂಗಿಯನ್ನು ಮೌರ್ಯರ ಕಾಲದವನಿಗೆ ಹಾಕಿಸಿದರೆ ಪೈ ಒಪ್ಪುತ್ತಿರಲಿಲ್ಲ. ಮಗುವಿಗೆ ಇದೆಲ್ಲ ಯಾಕೆ, ಯಾರು ನೋಡ್ತಾರೆ ಎನ್ನಬಹುದು. ಮಗು ನೋಡುತ್ತದೆ. ದೊಡ್ಡವರು ಅಕ್ಷರ ಓದಿ ಪುಟ ತಿರುವುತ್ತಾರೆ, ಮಕ್ಕಳು ಚಿತ್ರದ ಮೂಲೆಯಲ್ಲಿರುವ ಅಳಿಲನ್ನೂ ಬಿಡುವುದಿಲ್ಲ.

ಚಿತ್ರ ನೋಯಿಸಿದಾಗ

ಚಿತ್ರಕ್ಕೆ ಇಷ್ಟು ಬಲ ಬಂದ ಮೇಲೆ ಅದರ ಭಾರವೂ ಬಂತು. ವಾಲ್ಮೀಕಿ ಪುಸ್ತಕ ದರೋಡೆಕೋರ ರತ್ನಾಕರನ ಕಥೆಯನ್ನು ಹೇಳಿತ್ತು. ಪಂಜಾಬಿನಲ್ಲಿ ವಾಲ್ಮೀಕಿ ಸಮುದಾಯ ಬೀದಿಗಿಳಿದು ಪ್ರತಿಭಟಿಸಿತು. ತಾವು ಗುರು ಎಂದು ಪೂಜಿಸುವ ಆದಿಕವಿಯನ್ನು ಮಕ್ಕಳ ಮುಂದೆ ಕಳ್ಳನನ್ನಾಗಿ ಚಿತ್ರಿಸಿದ್ದೇಕೆ ಎಂಬುದು ಅವರ ಪ್ರಶ್ನೆ. ನಾಯಕ ಸಮುದಾಯ ದೊಡ್ಡ ಸಂಖ್ಯೆಯಲ್ಲಿರುವ, ಪಾಳೆಗಾರರ ನೆನಪು ಮಾಸದ ಚಿತ್ರದುರ್ಗ ಜಿಲ್ಲೆಯವರಿಗೆ ಈ ನೋವು ಏನೆಂದು ಬಿಡಿಸಿ ಹೇಳಬೇಕಿಲ್ಲ. ಬಾಯಿಮಾತಿನಲ್ಲಿ ಹತ್ತು ರೂಪದಲ್ಲಿ ಓಡಾಡುವ ಕಥೆ ಚಿತ್ರದಲ್ಲಿ ಅಚ್ಚಾದರೆ ಒಂದೇ ರೂಪಕ್ಕೆ ಗಟ್ಟಿಯಾಗಿಬಿಡುತ್ತದೆ. ಉಳಿದ ಒಂಬತ್ತು ರೂಪ ಮರೆಗೆ ಸರಿಯುತ್ತವೆ.

ಬಣ್ಣದ ದೂರೂ ಸಣ್ಣದಲ್ಲ. ರಾಜಕುಮಾರ ಬೆಳ್ಳಗೆ, ರಾಕ್ಷಸ ಕಪ್ಪಗೆ. ಒಳ್ಳೆಯವನ ಮೂಗು ನೀಟು, ಕೆಟ್ಟವನದು ದಪ್ಪ. ಬಿಸಿಲಲ್ಲಿ ದುಡಿಯುವವರ ಮನೆಯ ಮಗು ಪುಸ್ತಕದಲ್ಲಿ ತನ್ನ ಅಪ್ಪನ ಮೈಬಣ್ಣವನ್ನು ಹುಡುಕಿದರೆ ಸಿಗುತ್ತಿದ್ದದ್ದು ಅಸುರರ ಸಾಲಿನಲ್ಲಿ. ಕಾರ್ಲಿನ್ ಮೆಕ್ಲೇನ್, ನಂದಿನಿ ಚಂದ್ರ ಥರದ ಸಂಶೋಧಕರು ಅಮರ ಚಿತ್ರಕಥೆಯ ಮೇಲೆ ಪುಸ್ತಕಗಳನ್ನೇ ಬರೆದು ಜಾತಿ, ಹೆಣ್ಣು, ಬಣ್ಣದ ಪ್ರಶ್ನೆ ಎತ್ತಿದ್ದಾರೆ. ಹೇಳಿದರೆ ಸತ್ಯವನ್ನೇ ಹೇಳಬೇಕು, ಆದರೆ ಅಪ್ರಿಯವಾದ ಸತ್ಯವನ್ನು ಹೇಳಬಾರದು ಎಂಬ ಸಂಸ್ಕೃತದ ಹಳೇ ನೀತಿಯನ್ನು ಪೈ ಪಾಲಿಸುತ್ತಿದ್ದರು. ಮಕ್ಕಳ ಮುಂದೆ ಇದು ಸರಿ ಎನ್ನಿಸಬಹುದು. ಆದರೆ ಯಾರಿಗೆ ಅಪ್ರಿಯ ಎಂಬುದನ್ನು ತೀರ್ಮಾನಿಸುವವರು ಯಾರು? ಅವರ ದೊಡ್ಡ ಕೆಲಸದ ದುರ್ಬಲ ಜಾಗ ಇದೇ. ಅದನ್ನು ಮುಚ್ಚಿಟ್ಟು ಅವರ ಜೀವನ ಹೇಳಿದರೆ ಅದೂ ಅಮರ ಚಿತ್ರಕಥೆಯೇ ಆಗುತ್ತದೆ.

ಟೋಪಿಯಡಿ ಅಡಗಿದ ಕಣ್ಣು

ನಗುವಿನ ಚಿತ್ರದಲ್ಲಿ ಪೈ ಬಳಗ ಹೆಚ್ಚು ಸಲೀಸಾಗಿತ್ತು. 1969ರಲ್ಲಿ ಅವರು ರಂಗ್ ರೇಖಾ ಫೀಚರ್ಸ್ ಎಂಬ ಸಂಸ್ಥೆ ತೆರೆದು ಪತ್ರಿಕೆಗಳಿಗೆ ಚಿತ್ರಕಥೆ ಒದಗಿಸತೊಡಗಿದರು. ಬೇಕಾದಷ್ಟು ಉದ್ದ ಬಾಲ ಚಾಚುವ ಕೋತಿ ಕಪೀಶ ಹುಟ್ಟಿದ್ದು ಅಲ್ಲಿ, ಚಿತ್ರ ಮೋಹನದಾಸ್ ಅವರದ್ದು. 1980ರ ನವೆಂಬರ್‌ನಲ್ಲಿ ಟಿಂಕಲ್ ಪತ್ರಿಕೆ ಬಂತು. ಹೆಸರೇನಿಡಬೇಕೆಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಸುಬ್ಬರಾವ್ ಅವರಿಗೆ ಫೋನ್ ಬಂತಂತೆ, ಆ ಗಂಟೆ ಸದ್ದಿನಿಂದಲೇ ಹೆಸರು ಹೊಳೆಯಿತಂತೆ.

ಹೇಳಿದ್ದನ್ನು ಹೇಳಿದ ಹಾಗೇ ಮಾಡಿ ಯಜಮಾನನನ್ನು ಗೋಳಾಡಿಸುವ ಸುಪ್ಪಂದಿಯ ಕಥೆ ತಮಿಳುನಾಡಿನ ಓದುಗರೊಬ್ಬರು ಕಳಿಸಿದ್ದು. ಅದಕ್ಕೆ ರೂಪ ಕೊಟ್ಟವರು ಅದೇ ವೈರ್ಕರ್. ಕೃಷ್ಣನ ಅಂದವಾದ ಮೈಕಟ್ಟು ಬರೆದ ಕೈಯೇ ಇಲ್ಲಿ ಚಪ್ಪಟೆ ತಲೆ, ಕಡ್ಡಿ ಕಾಲು ಬರೆಯಿತು. ನಿಜವಾದ ಮನುಷ್ಯನ ಅಳತೆ ಚೆನ್ನಾಗಿ ಗೊತ್ತಿದ್ದವನಿಗೇ ಅಳತೆ ತಪ್ಪಿಸಿ ನಗಿಸಲು ಬರೋದು. ಶಿಕಾರಿ ಶಂಭುವನ್ನು ಬರೆದ ವಸಂತ್ ಹಳಬೆಯವರ ಉಪಾಯ ಇನ್ನೂ ಚೆಂದ. ಶಂಭುವಿನ ಕಣ್ಣು ಯಾರೂ ನೋಡಿಲ್ಲ, ಟೋಪಿ ಮೂಗಿನ ತನಕ ಇಳಿದಿದೆ. ಚಿತ್ರಕಾರರಿಗೆ ಭಾವ ತೋರಿಸಲು ಮೊದಲು ಬೇಕಾದದ್ದೇ ಕಣ್ಣು. ಅದನ್ನೇ ಮುಚ್ಚಿಟ್ಟು ಬರೀ ಮೀಸೆ, ಮೊಣಕಾಲಿನ ನಡುಕದಲ್ಲಿ ಹೇಡಿತನ ತೋರಿಸಿದರು. ಹುಲಿ ತಾನಾಗಿಯೇ ಬೋನಿಗೆ ಬಿದ್ದು ಊರೆಲ್ಲ ಜೈಕಾರ ಹಾಕುವಾಗ ಶಂಭುವಿಗೆ ಎಚ್ಚರವೂ ಇರುವುದಿಲ್ಲ.

ಟಿಂಕಲ್‌ಗೆ ರಾಶಿ ರಾಶಿ ಕಾಗದ ಬರುತ್ತಿದ್ದವು. ಮಕ್ಕಳಿಗೆ ಉತ್ತರ ಹೋಗುತ್ತಿದ್ದದ್ದು ಅಂಕಲ್ ಪೈ ಹೆಸರಿನಲ್ಲಿ.

1991ರ ಹೊತ್ತಿಗೆ ಮನೆಮನೆಗೆ ಟಿವಿ ಬಂತು, ರಾಮಾಯಣ ಮಹಾಭಾರತ ಭಾನುವಾರ ಬೆಳಿಗ್ಗೆ ಪೆಟ್ಟಿಗೆಯಲ್ಲೇ ಬಂದುಹೋಗಿದ್ದವು. ಅಮರ ಚಿತ್ರಕಥೆಯಲ್ಲಿ ಹೊಸ ಪುಸ್ತಕ ಬರುವುದು ನಿಂತಿತು, ಹಳೆಯವುಗಳ ಮರುಮುದ್ರಣ ಮಾತ್ರ. ದಿಲ್ಲಿಯ ಟಿವಿ ನೋಡಿ ಶುರುವಾದ ಕೆಲಸಕ್ಕೆ ಟಿವಿಯೇ ಅಡ್ಡ ಬಂತು ನೋಡಿ. 2003ರಲ್ಲಿ ವೈರ್ಕರ್ ತೀರಿಕೊಂಡರು. 2007ರಲ್ಲಿ ಹೊಸ ಮಾಲೀಕರು ಅಮರ ಚಿತ್ರಕಥೆಯನ್ನು ಕೊಂಡರು. ಪೈ ಆಗಲೂ ಜೊತೆಗಿದ್ದರು.

2011ರ ಫೆಬ್ರವರಿ 19ರಂದು ದಿಲ್ಲಿಯಲ್ಲಿ ದೇಶದ ಮೊದಲ ಕಾಮಿಕ್ ಸಮ್ಮೇಳನ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಿತು. ಐದು ದಿನ ಕಳೆದು, ಫೆಬ್ರವರಿ 24ರಂದು, ಮುಂಬಯಿಯಲ್ಲಿ ಹೃದಯಾಘಾತದಿಂದ ನಿಧನರಾದರು. ವಯಸ್ಸು 81. ಅದೇ ವರ್ಷ ಸೆಪ್ಟೆಂಬರ್ 17ರಂದು ಗೂಗಲ್ ತನ್ನ ಹೆಸರನ್ನು ಚಿತ್ರಕಥೆಯ ಚೌಕಗಳಲ್ಲಿ ಬರೆದು ಅವರ ಹುಟ್ಟುಹಬ್ಬ ಮಾಡಿತು.

ಕೃಷ್ಣ ಇವತ್ತಿಗೂ ಅಚ್ಚಾಗುತ್ತಲೇ ಇದೆ. ನಂಬರ್ ಮಾತ್ರ 11 ಹೋಗಿ 501 ಆಗಿದೆ. ಅದಕ್ಕೂ ಮುಂಚೆ ಬಂದ ಆ ಹತ್ತು ಕನ್ನಡ ಪುಸ್ತಕಗಳು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಯಾರದ್ದಾದರೂ ಅಟ್ಟದ ಮೇಲಿನ ಟ್ರಂಕಿನಲ್ಲಿ ಇದ್ದರೆ ಇರಬಹುದು.